ಪಾಕಿಸ್ತಾನ, ಬಾಂಗ್ಲಾದೇಶ ನಡುವ ಖರೇನ ಪೈಪೋಟಿ ಐತೇನು?

ನಿಮ್ಮ ಪ್ರಶ್ನೆ ಹಿಂಗೈತಿ: "1971ರ ತನಕ ಒಂದ ದೇಶ ಇದ್ದ ಪಾಕಿಸ್ತಾನ, ಬಾಂಗ್ಲಾದೇಶ ಯಾಕ ಇಷ್ಟು ದಿವಸ ಮುಖ ತಿರುವಿಕೊಂಡ್ವು, ಧಂದೆದಾಗ ಅವರಿಬ್ಬರ ನಡುವ ಖರೇನ ಪೈಪೋಟಿ ಐತೇನು, ಈಗ ಮತ್ತ ದೋಸ್ತಿ ಆಗಾಕ ಹತ್ಯಾರಂತಲ್ಲ, ಏನಾರ ಆಗತೈತೇನು?"

ನಾ ಇತಿಹಾಸದ ಮಾಸ್ತರ ಅಲ್ರಿ, ಬೈಲಹೊಂಗಲದಾಗ ಹತ್ತಿ ಕಾಳು ಬಿಡಸೋ ಒಂದು ಜಿನ್ನಿಂಗ್ ಫ್ಯಾಕ್ಟರಿಯೊಳಗ ಲೆಕ್ಕ ಬರಿಯಾಂವ. ಆದ್ರ ಹತ್ತಿ ಧಂದೆದಾಗ ಇದ್ದವರಿಗೆ ಢಾಕಾದ ಸುದ್ದಿ ಬಿಟ್ಟು ನಡಿಯಂಗಿಲ್ಲ. ನಾವಿಲ್ಲಿ ಬೇಲ್ ಕಟ್ಟಿ ತಮಿಳುನಾಡಿನ ನೂಲಿನ ಗಿರಣಿಗೆ ಕಳಸ್ತೀವಿ, ಆ ಕಡೆ ಗಿರಣಿಗಳ ನೂಲು ಒಂದಿಷ್ಟು ಬಾಂಗ್ಲಾಕ್ಕ ಹೋಗತೈತಿ, ಅಲ್ಲಿ ಆರ್ಡರ್ ನಿಂತ್ವು ಅಂದ್ರ ಗಿರಣಿಯವರು ನಮ್ಮ ಫೋನ್ ಎತ್ತೂದ ಬಿಡ್ತಾರ. ಹಿಂಗಾಗಿ ಓದಿಕೋತ ಬಂದೇನಿ, ನನಗ ತಿಳದಷ್ಟು ಹೇಳ್ತೀನಿ.

ಪೈಪೋಟಿ ಐತಿ, ಜೋರ ಐತಿ. ಆದ್ರ ಅವರಿಬ್ಬರೂ ಒಬ್ಬರಿಗೊಬ್ಬರು ಮಾರೋದು ಭಾಳ ಕಮ್ಮಿ, ಒಂದ ಗಿರಾಕಿಗೆ ಇಬ್ಬರೂ ಒಂದ ನಮೂನಿ ಮಾಲು ತೋರ್ಸಿಕೋತ ನಿಂತಾರ, ಅಂದ್ರ ಯುರೋಪ್, ಅಮೆರಿಕಾದವರಿಗೆ ಅಂಗಿ, ಪ್ಯಾಂಟು, ಚಾದರ, ಟಾವೆಲ್. ಇದನ್ನ ಹಿಡಕೊಂಡು ನೋಡಿದ್ರ ಉಳಿದಿದ್ದೆಲ್ಲಾ ಬಿಡಸಾಕ ಬರತೈತಿ.

ಜಗಳದ ಬುಡ ಇರೋದು ಸೆಣಬಿನಾಗ. 1947ರಾಗ ಬಂಗಾಲ ಎರಡ ಹೋಳಾದಾಗ ಸೆಣಬು ಬೆಳಿಯೋ ಹೊಲ ಬಹುತೇಕ ಪೂರ್ವಕ್ಕ, ಅಂದ್ರ ಪೂರ್ವ ಪಾಕಿಸ್ತಾನ ಆದ ಈಗಿನ ಬಾಂಗ್ಲಾಕ್ಕ ಹೋದ್ವು, ಅದನ್ನ ನೇಯೋ ಗಿರಣಿ ಕಲ್ಕತ್ತಾದ ಹೂಗ್ಲಿ ದಂಡಿಗೆ ನಮ್ಮ ಕಡೆ ಉಳಿದ್ವು. 1949ರಾಗ ಪೌಂಡಿನ ಹಿಂದ ಇಂಡಿಯಾ ತನ್ನ ರೂಪಾಯಿ ಬೆಲಿ ಇಳಿಸ್ತು, ಪಾಕಿಸ್ತಾನ ಇಳಸಲಿಲ್ಲ, ಎರಡೂ ದೇಶದ ವ್ಯಾಪಾರ ಕಟ್ ಆತು, ಆಮ್ಯಾಲ ಅವರು ತಮ್ಮ ಕಡೇನ ಗಿರಣಿ ಹಾಕಾಕ ಹತ್ತಿದ್ರು. ನಾರಾಯಣಗಂಜದಾಗ 1951ರಾಗ ಶುರುವಾದ ಆದಮ್‌ಜಿ ಗಿರಣಿ ಒಂದ ಕಾಲಕ್ಕ ಜಗತ್ತಿನಾಗ ಎಲ್ಲಕ್ಕಿಂತ ದೊಡ್ಡ ಸೆಣಬಿನ ಗಿರಣಿ ಅನಿಸಿಕೊಂಡಿತ್ತು. ಕೊರಿಯಾ ಯುದ್ಧದ ಟೈಮಿಗೆ ಸೆಣಬಿನ ರೇಟು ಏರಿ ಡಾಲರ್ ಸುರದ್ವು. ಬೆಳದಾಂವ ಪೂರ್ವದ ರೈತ, ಡಾಲರ್ ಯಾರಿಗೆ ಎಷ್ಟು ಅಂತ ಹಂಚಾವ್ರು 1600 ಕಿಲೋಮೀಟರ್ ದೂರ ಕರಾಚಿಯೊಳಗ ಕುಂತಿದ್ರು, ಫ್ಯಾಕ್ಟರಿ ಲೈಸೆನ್ಸ್, ಮಷಿನ್ ತರಸೋ ಪರ್ಮಿಟ್ ಹೆಚ್ಚಿನವು ಪಶ್ಚಿಮದವರಿಗೇ. 1968ರಾಗ ಮೆಹಬೂಬ್ ಉಲ್ ಹಕ್ ಅಂತ ಪಾಕಿಸ್ತಾನ ಸರಕಾರದ್ದ ಅರ್ಥಶಾಸ್ತ್ರಜ್ಞ ಒಬ್ಬಾಂವ, ದೇಶದ ಕೈಗಾರಿಕೆ ಮೂರರಾಗ ಎರಡು ಪಾಲು 22 ಮನೆತನದ ಕೈಯಾಗ ಐತಿ ಅಂತ ಬಾಯಿಬಿಟ್ಟು ಹೇಳಿದ. ಅದರಾಗ ಬಂಗಾಲಿ ಮನೆತನ ಹುಡುಕಿದ್ರೂ ಸಿಗೋದು ಕಷ್ಟ.

ಅದಕ್ಕೂ ಮೊದಲ, 1966ರಾಗ ಪೂರ್ವದ ಮುಖಂಡ ಶೇಖ್ ಮುಜೀಬ್ ಇಟ್ಟ ಆರು ಬೇಡಿಕಿ ಒಮ್ಮೆ ಓದಿ ನೋಡ್ರಿ. ಭಾಷಾ, ಬಂಗಾಲಿ ಅಭಿಮಾನ ಅಂತ ನಾವು ಮಾತಾಡ್ತೀವಿ, ಅದೂ ಇತ್ತು, ಆದ್ರ ಆರರಾಗ ಮೂರು ಸೀದಾ ರೊಕ್ಕದ ಮಾತು: ಬ್ಯಾರೆ ಕರೆನ್ಸಿ ಕೊಡ್ರಿ ಇಲ್ಲಾ ಪೂರ್ವದ ರೊಕ್ಕ ಪಶ್ಚಿಮಕ್ಕ ಹರಿದು ಹೋಗದಂಗ ತಡೀರಿ, ತೆರಿಗಿ ಎತ್ತೋ ಹಕ್ಕು ಪ್ರಾಂತ್ಯಕ್ಕ ಕೊಡ್ರಿ, ಪರದೇಶದಿಂದ ಗಳಿಸಿದ್ದಕ್ಕ ಬ್ಯಾರೆ ಖಾತೆ ಇಡ್ರಿ. ನನ್ನಂಥ ಖಾತೆ ಕಿರ್ದಿ ಬರಿಯೋನಿಗೆ ಅದು ಫಟಕ್ನ ತಿಳಿತೈತಿ. ಮುಂದ 1970ರ ನವೆಂಬರಿನ ಚಂಡಮಾರುತ, ಡಿಸೆಂಬರಿನ ಎಲೆಕ್ಷನ್, ಗೆದ್ದ ಮುಜೀಬ್ ಪಕ್ಷಕ್ಕ ಗಾದಿ ಕೊಡಲಿಲ್ಲ, 1971ರ ಮಾರ್ಚ್ 25ರ ರಾತ್ರಿ ಮಿಲಿಟರಿ ಬಿಟ್ರು, ಡಿಸೆಂಬರ್ 16ಕ್ಕ ಢಾಕಾದಾಗ ಪಾಕಿಸ್ತಾನಿ ಸೈನ್ಯದ ಶರಣಾಗತಿ. ಈ ಕತಿ ಎಲ್ಲಾರಿಗೂ ಗೊತ್ತೈತಿ, ಬಿಡ್ರಿ.

ಮಜಾ ಇರೋದು ಆಮ್ಯಾಲಿಂದರಾಗ. ಪಾಲು ಆದ ದಿವಸ ಯಾರನ್ನ ಕೇಳಿದ್ರೂ ಪಶ್ಚಿಮದ ಮ್ಯಾಲ ರೊಕ್ಕ ಕಟ್ಟತಿದ್ರು. ಹತ್ತಿ ಅವರ ಹತ್ರ, ಸಿಂಧೂ ಕಾಲುವೆ ನೀರು ಅವರ ಹತ್ರ, ನೂಲಿನ ಗಿರಣಿ, ಕರಾಚಿ ಬಂದರು ಎಲ್ಲಾ ಅವರದ. ಬಾಂಗ್ಲಾದ ಕೈಯಾಗ ಉಳಿದಿದ್ದು ಸೆಣಬು, ಅದೂ ಪ್ಲಾಸ್ಟಿಕ್ ಚೀಲ ಬಂದಮ್ಯಾಲ ನೆಲ ಕಚ್ಚಿತು, ಆ ಆದಮ್‌ಜಿ ಗಿರಣಿ 2002ರಾಗ ಕೀಲಿ ಹಾಕಿಸಿಕೊಂಡಿತು. ತನಗ ಬೇಕಾದ ಹತ್ತಿಯೊಳಗ ನೂರಕ್ಕ ಎರಡು ಮೂರು ಪಾಲಿನಷ್ಟ ಬೆಳ್ಕೊಳ್ಳೋ ದೇಶ ಅದು. ಇವತ್ತ ಅದರ ಗಾರ್ಮೆಂಟ್ ರಫ್ತು 2024-25ರಾಗ ಸುಮಾರು 39 ಬಿಲಿಯನ್ ಡಾಲರ್, ಹತ್ತಿ ಬೆಳಿಯೋ ಪಾಕಿಸ್ತಾನದ್ದು ನೂಲು, ಬಟ್ಟಿ, ಚಾದರ, ಅಂಗಿ ಎಲ್ಲಾ ಕೂಡಿ 18ರ ಆಸುಪಾಸು.

ಹೆಂಗಾತು ಅಂದ್ರ, ಶುರು ಆಗಿದ್ದು ಒಂದು ಸಣ್ಣ ಒಪ್ಪಂದದಿಂದ. ನೂರುಲ್ ಕಾದಿರ್ ಖಾನ್ ಅನ್ನೋ ಹಳೇ ಸರಕಾರಿ ಅಧಿಕಾರಿ ದೇಶ್ ಗಾರ್ಮೆಂಟ್ಸ್ ಅಂತ ಕಂಪನಿ ಮಾಡಿ, ಕೊರಿಯಾದ ದೇವೂ ಕಂಪನಿ ಜೊತಿ ಕೈ ಜೋಡಿಸಿ, 1979ರಾಗ 130 ಮಂದಿನ್ನ ಬೂಸಾನ್‌ಗೆ ಕಲಿಯಾಕ ಕಳಿಸಿದ. ಕೊರಿಯಾದವರಿಗೆ ಏನು ಲಾಭ ಅಂದ್ರ, ಆಗ ಶ್ರೀಮಂತ ದೇಶಗಳು ಒಂದೊಂದು ದೇಶದಿಂದ ಇಷ್ಟ ಬಟ್ಟಿ ತಗೋತೀವಿ ಅಂತ ಕೋಟಾ ಇಟ್ಟಿದ್ವು, ಕೊರಿಯಾದ ಕೋಟಾ ತುಂಬಿತ್ತು, ಬಾಂಗ್ಲಾದ ಹೆಸರಲೆ ಖಾಲಿ ಇತ್ತು. ಕಲಿತು ಬಂದವರಾಗ ಭಾಳ ಮಂದಿ ಮುಂದ ಆ ಕಂಪನಿ ಬಿಟ್ಟು ತಮ್ಮ ತಮ್ಮ ಫ್ಯಾಕ್ಟರಿ ಹಾಕಿದ್ರು ಇಲ್ಲಾ ಬ್ಯಾರೆಯವರ ಫ್ಯಾಕ್ಟರಿ ನಿಂದರಸಿ ಕೊಟ್ರು, ಹಂಗ ಊರತುಂಬ ಹಬ್ಬಿತು.

ನನಗ ಭಾಳ ಸೇರಿದ್ದು ಅವರು ಮಾಡಿದ ಎಲ್‌ಸಿ ವ್ಯವಸ್ಥಾ. ಎಲ್‌ಸಿ ಅಂದ್ರ ಮಾಲು ಕಳಿಸಿದ ಕಾಗದಪತ್ರ ತೋರ್ಸಿದ್ರ ರೊಕ್ಕ ಕೊಡ್ತೀವಿ ಅಂತ ಗಿರಾಕಿಯ ಬ್ಯಾಂಕು ಬರದು ಕೊಡೋ ಖಾತ್ರಿ ಪತ್ರ. ನಮ್ಮ ಕಡೆ ಯಾವನರ ಸಣ್ಣ ಫ್ಯಾಕ್ಟರಿಯವನಿಗೆ ದೊಡ್ಡ ಆರ್ಡರ್ ಬಂತು ಅಂದ್ರ ಅವನ ಮೊದಲ ತ್ರಾಸು ಕಚ್ಚಾ ಮಾಲಿಗೆ ರೊಕ್ಕ ಎಲ್ಲಿಂದ ತರೋದು ಅನ್ನೋದು, ಸೀಸನ್‌ನ್ಯಾಗ ಹತ್ತಿ ತಗೊಳ್ಳಾಕ ನಮ್ಮ ಮಾಲಕರು ಬ್ಯಾಂಕಿಗೆ ಅಡ್ಡಾಡೋದು ನಾ ದಿನಾ ನೋಡ್ತೀನಿ. ಬಾಂಗ್ಲಾದವರು ಏನು ಮಾಡಿದ್ರು ಅಂದ್ರ, ಪರದೇಶದ ಗಿರಾಕಿ ಕೊಟ್ಟ ಎಲ್‌ಸಿ ಬ್ಯಾಂಕಿನಾಗ ಇಟ್ರ ಅದರ ಆಧಾರದ ಮ್ಯಾಲೇ ಬ್ಯಾಂಕು ಬಟ್ಟಿ, ದಾರ, ಗುಂಡಿ ತರಸಾಕ ಇನ್ನೊಂದು ಎಲ್‌ಸಿ ತಗದು ಕೊಡತೈತಿ, ಬ್ಯಾಕ್ ಟು ಬ್ಯಾಕ್ ಅಂತಾರ, ಬಂದ ಮಾಲು ಬಾಂಡೆಡ್ ಗೋಡೌನಿನಾಗ ಸುಂಕ ಇಲ್ಲದ ಇಳಿತೈತಿ, ಹೊಲಿದು ಹೊರಗ ಕಳಿಸಿದ್ರ ಮುಗೀತು. ಕೈಯಾಗ ರೊಕ್ಕ ಕಮ್ಮಿ ಇದ್ದಾಂವನೂ ಮಷಿನ್ ಹಾಕಿ ಕುಂದರಬಹುದು. ಅದರ ಮ್ಯಾಲ 2001ರಿಂದ ಯುರೋಪಿನವರು ಬಡ ದೇಶಗಳಿಗೆ ಹತಿಯಾರ ಬಿಟ್ಟು ಏನ ಕಳಿಸಿದ್ರೂ ಸುಂಕ ಇಲ್ಲ ಅಂದ್ರು. 2005ರ ಜನವರಿಗೆ ಕೋಟಾ ಪದ್ಧತಿ ತಗದಾಗ ಬಾಂಗ್ಲಾ ಮುಳುಗತೈತಿ ಅಂತ ಭಾಳ ಮಂದಿ ಬರದಿದ್ರು, ಅದು ಇನ್ನೂ ಮ್ಯಾಲ ಹೋತು.

ದುಡದವರು ಯಾರು ಅಂದ್ರ ಹೆಣ್ಣುಮಕ್ಕಳು. ಸುಮಾರು 40 ಲಕ್ಷ ಮಂದಿ ಅಲ್ಲಿ ಗಾರ್ಮೆಂಟ್ ಕೆಲಸ ಮಾಡ್ತಾರ, ಅದರಾಗ ಹೆಂಗಸರ ಹೆಚ್ಚು. ಪಾಕಿಸ್ತಾನದಾಗ ಹೆಣ್ಣುಮಕ್ಕಳು ಹೊಸ್ತಿಲ ದಾಟಿ ಪಗಾರಕ್ಕ ಹೋಗೋದು ಭಾಳ ಕಮ್ಮಿ, ಅರ್ಧ ಕೈ ಕಟ್ಟಿಕೊಂಡು ದುಡದ್ರ ಎಷ್ಟು ದುಡದಾರು. ಇನ್ನೊಂದು ಲೆಕ್ಕ ನೋಡ್ರಿ: 1951ರ ಜನಗಣತಿಯೊಳಗ ಪೂರ್ವದಾಗ 4 ಕೋಟಿ 20 ಲಕ್ಷ, ಪಶ್ಚಿಮದಾಗ 3 ಕೋಟಿ 40 ಲಕ್ಷದಷ್ಟು ಮಂದಿ ಇದ್ರು. ಈಗ ಬಾಂಗ್ಲಾ 17 ಕೋಟಿ, ಪಾಕಿಸ್ತಾನ 24 ಕೋಟಿ ದಾಟೇತಿ. ತಲಾ ಆದಾಯದಾಗ ಬಾಂಗ್ಲಾ ಮುಂದ ಇರೋದಕ್ಕ ಇದು ಒಂದು ಸಣ್ಣ ಕಾರಣ ಏನಲ್ಲ. ಹಂಗಂತ ಬಾಂಗ್ಲಾನ ಹೊತ್ತು ಮೆರಸೂದೂ ಬ್ಯಾಡ. 2013ರ ಏಪ್ರಿಲ್ 24ಕ್ಕ ಸಾವರ್‌ದಾಗ ರಾಣಾ ಪ್ಲಾಜಾ ಕುಸಿದು 1,134 ಮಂದಿ ಸತ್ರು, ಹಿಂದಿನ ದಿವಸಾನ ಗ್ವಾಡಿ ಬಿರುಕು ಬಿಟ್ಟಿದ್ದು ಕಂಡಿದ್ರೂ ಒಳಗ ಕಳಿಸಿದ್ರು. ಅಲ್ಲಿ ಕನಿಷ್ಠ ಪಗಾರ 2023ರ ಡಿಸೆಂಬರಿಂದ ತಿಂಗಳಿಗೆ 12,500 ಟಾಕಾ. ಅಗ್ಗದ ಅಂಗಿ ಹಿಂಗ ಅಗ್ಗ ಆಗೇತಿ.

ಪಾಕಿಸ್ತಾನದ ಹತ್ತಿ ಏನಾತು ಅನ್ನೋದು ಹೇಳ್ಬೇಕು, ಇದು ನನ್ನ ಧಂದೆ. 2004-05ರಾಗ 1 ಕೋಟಿ 40 ಲಕ್ಷ ಬೇಲ್ ಮ್ಯಾಲ ಬೆಳದವರು ಮಹಾಪೂರ ಬಂದ 2022ರ ಸೀಸನ್‌ನ್ಯಾಗ 50 ಲಕ್ಷದ ಸುತ್ತ ಇಳದ್ರು. ಪೂರ ಒಂದ ಅಲ್ಲ, ಎಲಿ ಮುದುಡೋ ವೈರಸ್ ರೋಗ, ಗುಲಾಬಿ ಕಾಯಿಕೊರಕ, ಛಲೋ ಬೀಜ ಇಲ್ಲ, ಮತ್ತ ಪಂಜಾಬಿನ ಹತ್ತಿ ಹೊಲಕ್ಕ ಕಬ್ಬು ನುಗ್ಗಿತು. ನಮ್ಮ ಬೈಲಹೊಂಗಲ ಕಡೆ ಸೋಯಾ, ಕಬ್ಬು ಬಂದು ಹತ್ತಿ ಹಿಂದ ಸರದಂಗ. ಸೀಸನ್‌ನ್ಯಾಗ ಖರೀದಿದಾರ ಬಂದ್ರ ಅಂಡಿಗಿಯೊಳಗ ಕೈ ತುರುಕಿ ತಳದಿಂದ ಒಂದು ಚಿಟಿಕಿ ಅರಳಿ ತಗದು, ಎರಡೂ ಹೆಬ್ಬಟ್ಟಿನಾಗ ಹಿಡದು ಎಳದು, ಮತ್ತ ಜೋಡಿಸಿ ಮತ್ತ ಎಳದು ಎಳಿ ಉದ್ದ ನೋಡ್ತಾನ, ಆಮ್ಯಾಲ ಬೆಳಕಿಗೆ ಹಿಡದು ಪ್ಲಾಸ್ಟಿಕ್ ಎಳಿ, ಕೂದಲಾ ಏನರ ಸೇರೇತೇನು ಅಂತ ನೋಡ್ತಾನ. ಒಂದು ಪ್ಲಾಸ್ಟಿಕ್ ಎಳಿ ಸಿಕ್ರ ರೇಟು ಮುರದ ಬಿಡ್ತಾನ, ಯಾಕಂದ್ರ ಬಣ್ಣ ಹಾಕಿದಾಗ ಅದು ಬಟ್ಟಿಯೊಳಗ ಬಿಳೆ ಗೆರಿ ಆಗಿ ಕಾಣತೈತಿ. ಹತ್ತಿ ಬೆಳಿಯೋದು ಬ್ಯಾರೆ, ಪರದೇಶದ ಗಿರಾಕಿ ಒಪ್ಪೋ ಅಂಗಿ ಮಾಡೋದು ಬ್ಯಾರೆ. ಪಾಕಿಸ್ತಾನ ವರ್ಷಾನುಗಟ್ಟಲೆ ನೂಲು, ಬಟ್ಟಿ ಮಾರಿಕೋತ ಉಳೀತು, ಹೊಲಿಗಿ ಲಾಭ ಬ್ಯಾರೆಯವರು ತಗೊಂಡ್ರು. ಕರೆಂಟ್ ತ್ರಾಸು, ಡಾಲರ್ ತ್ರಾಸು ಮ್ಯಾಲ. ಚಾದರ, ಟಾವೆಲ್, ಜೀನ್ಸ್‌ನ್ಯಾಗ ಮಾತ್ರ ಅವರು ಇನ್ನೂ ಗಟ್ಟಿ ಅದಾರ, 2014ರಿಂದ ಯುರೋಪಿನ ಜಿಎಸ್‌ಪಿ ಪ್ಲಸ್ ಅನ್ನೋ ಸುಂಕ ಮಾಫಿ ಸವಲತ್ತು ಅವರಿಗೂ ಸಿಕ್ಕೇತಿ.

ಇದರಾಗ ಒಂದು ತಮಾಷೆ ಹೇಳಿ ಮುಂದ ಹೋಗ್ತೀನಿ. 2019ರ ಆಗಸ್ಟ್‌ನ್ಯಾಗ ಕಾಶ್ಮೀರದ ಸಿಟ್ಟಿಗೆ ಪಾಕಿಸ್ತಾನ ನಮ್ಮ ಜೊತಿ ವ್ಯಾಪಾರ ಬಂದ್ ಮಾಡ್ತಲ್ಲ, ಹತ್ತಿ ಸಾಲದಾಗಿ 2021ರ ಮಾರ್ಚ್ 31ಕ್ಕ ಅವರದ ಒಂದು ಸರಕಾರಿ ಸಮಿತಿ ಇಂಡಿಯಾದ ಹತ್ತಿ, ಸಕ್ಕರಿ ತರಸ್ರಿ ಅಂತ ಒಪ್ಪಿಗಿ ಕೊಡ್ತು, ಮರುದಿನ ಅವರ ಮಂತ್ರಿಮಂಡಲಾನ ಅದನ್ನ ತಡದು ಹಿಡೀತು.

ಇನ್ನ ಮುನಿಸಿನ ಸುದ್ದಿ. ಪಾಕಿಸ್ತಾನ ಬಾಂಗ್ಲಾನ ದೇಶ ಅಂತ ಒಪ್ಪಿಕೊಂಡಿದ್ದ 1974ರ ಫೆಬ್ರುವರಿಗೆ. ಬಾಂಗ್ಲಾದವರ ಬೇಡಿಕಿ ಮೂರು: 1971ರ ಕೊಲಿಗಳಿಗೆ ಬಾಯಿತುಂಬ ಕ್ಷಮಾ ಕೇಳ್ರಿ, ಒಂದಿದ್ದಾಗಿನ ಆಸ್ತಿಯೊಳಗ ನಮ್ಮ ಪಾಲು ಕೊಡ್ರಿ, ನಮ್ಮಲ್ಲಿ ಉಳಿದ ಉರ್ದು ಮಂದಿನ್ನ ಕರಕೊಂಡು ಹೋಗ್ರಿ. ಆ ಪಾಲಿನ ಲೆಕ್ಕ ಈಗ ನಾಲ್ಕು ಬಿಲಿಯನ್ ಡಾಲರ್ ಮ್ಯಾಲ ಹೇಳ್ತಾರ, 1970ರ ಚಂಡಮಾರುತಕ್ಕ ಪರದೇಶದಿಂದ ಬಂದ ನೆರವಿನ ರೊಕ್ಕಾನೂ ಅದರಾಗ ಸೇರೇತಿ. ಪಾಕಿಸ್ತಾನದ ಆಗಿನ ಅಧ್ಯಕ್ಷ ಮುಷರ್ರಫ್ 2002ರಾಗ ಢಾಕಾಕ್ಕ ಬಂದು ವಿಷಾದ ಅಂದ, ಕ್ಷಮಾ ಅನ್ನಲಿಲ್ಲ. 2013ರಾಗ ಬಾಂಗ್ಲಾದ ಪ್ರಧಾನಿ ಹಸೀನಾ ಸರಕಾರ ಯುದ್ಧಾಪರಾಧದ ಕೇಸಿನಾಗ, 1971ರಾಗ ಪಾಕಿಸ್ತಾನದ ಕಡೆ ನಿಂತಿದ್ದ ಜಮಾತ್ ಪಕ್ಷದ ಮುಖಂಡ ಅಬ್ದುಲ್ ಕಾದರ್ ಮುಲ್ಲಾಗ ಗಲ್ಲು ಹಾಕಿದಾಗ ಪಾಕಿಸ್ತಾನದ ಸಂಸತ್ತು ಅದಕ್ಕ ದುಃಖ ಸೂಚಿಸಿ ಠರಾವ್ ಪಾಸ್ ಮಾಡ್ತು, ಢಾಕಾದಾಗ ಬೆಂಕಿ ಹತ್ತಿದಂಗ ಆತು. ಅಲ್ಲಿಂದ ಮಾತುಕತಿ ಬಹುತೇಕ ನಿಂತ ಹೋತು.

2024ರ ಆಗಸ್ಟ್ 5ಕ್ಕ ಹಸೀನಾ ಓಡಿ ದಿಲ್ಲಿಗೆ ಬಂದಮ್ಯಾಲ ಗಾಳಿ ತಿರುಗಿತು. ನವೆಂಬರಿಗೆ ಕರಾಚಿಯಿಂದ ಬಾಂಗ್ಲಾದ ಚಟ್ಟಗಾಂವ್ ಬಂದರಿಗೆ ಸೀದಾ ಕಂಟೇನರ್ ಹಡಗು ಬಂತು, 2025ರಾಗ 50,000 ಟನ್ ಅಕ್ಕಿ ಸರಕಾರದಿಂದ ಸರಕಾರಕ್ಕ ವ್ಯಾಪಾರ ಆತು, ವಿದೇಶ ಕಾರ್ಯದರ್ಶಿಗಳು 15 ವರ್ಷದ ಮ್ಯಾಲ ಕುಂತು ಮಾತಾಡಿದ್ರು. ಆದ್ರ ಆಗಸ್ಟ್‌ನ್ಯಾಗ ಢಾಕಾಕ್ಕ ಬಂದ ಪಾಕಿಸ್ತಾನದ ವಿದೇಶ ಮಂತ್ರಿ ಇಶಾಕ್ ದಾರ್, ಹಳೇ ವಿಷಯ ಎರಡ ಸಲ ಮುಗದ ಹೋಗ್ಯಾವ ಅಂದ, ಬಾಂಗ್ಲಾದವರು ಮುಗದಿಲ್ಲ ಅಂದ್ರು. ನಮ್ಮ ಟಿವಿಯವರು ಆ ಹಡಗು ತೋರ್ಸಿ ತೋರ್ಸಿ ಹೆದರಿಸಿದ್ರು ಖರೆ, ಎರಡೂ ದೇಶದ ನಡುವಿನ ವರ್ಷದ ವ್ಯಾಪಾರ ಒಂದು ಬಿಲಿಯನ್ ಡಾಲರ್ ಕೂಡ ಮುಟ್ಟಿರಲಿಲ್ಲ, ಅದೂ ಹೆಚ್ಚಿನದು ಪಾಕಿಸ್ತಾನದಿಂದ ಹೋಗೋ ಹತ್ತಿ ಬಟ್ಟಿ, ನೂಲು.

ನಮಗ ಬಿಸಿ ಮುಟ್ಟೋದು ಅಲ್ಲೇ. 2025ರ ಏಪ್ರಿಲ್‌ನ್ಯಾಗ ಬಾಂಗ್ಲಾ ನಮ್ಮ ನೂಲು ಲಾರಿಯಿಂದ ಗಡಿ ದಾಟೋದು ನಿಲ್ಲಿಸ್ತು, ಮೇ ತಿಂಗಳದಾಗ ನಾವು ಅವರ ಗಾರ್ಮೆಂಟ್ ಕಲ್ಕತ್ತಾ, ನ್ಹಾವಾ ಶೇವಾ ಬಂದರು ಬಿಟ್ಟು ಬ್ಯಾರೆ ಕಡೆಯಿಂದ ಬರಬಾರದು ಅಂದ್ವಿ. ಆ ಸಂದಿನ್ಯಾಗ ಪಾಕಿಸ್ತಾನದ ನೂಲು ನುಗ್ಗಬಹುದಲ್ಲ ಅಂತೀರಿ. ನುಗ್ಗಬಹುದು ಸ್ವಲ್ಪ, ಆದ್ರ ತನ್ನ ಗಿರಣಿಗೇ ಹತ್ತಿ ಸಾಲದ ಹೊರಗಿಂದ ತರಸೋ ದೇಶ ಎಷ್ಟರ ಕೊಟ್ಟೀತು. ಹಂಗೂ 2025ರ ಆಗಸ್ಟ್‌ನ್ಯಾಗ ಅಮೆರಿಕಾ ಪಾಕಿಸ್ತಾನಕ್ಕ ನೂರಕ್ಕ 19, ಬಾಂಗ್ಲಾಕ್ಕ 20, ನಮಗ 50 ಸುಂಕ ಜಡದಾಗ ಅವರಿಬ್ಬರಿಗೂ ನಮ್ಮ ಆರ್ಡರ್ ಸಿಕ್ಕೀತು ಅನ್ನೋ ಆಸೆ ಇತ್ತು, ಇಲ್ಲಿ ನಮ್ಮ ಸರಕಾರ ಗಿರಣಿಯವರ ಸಲುವಾಗಿ ಪರದೇಶದ ಹತ್ತಿ ಮ್ಯಾಲಿನ 11 ಪರ್ಸೆಂಟ್ ಸುಂಕ ಡಿಸೆಂಬರ್ ತನಕ ತಗದು ಬಿಡ್ತು, ರೈತರು ನಮ್ಮನ್ನ ಬೈದ್ರು.

ಮುಂದ ಏನಾಗತೈತಿ ಅಂತ ನೋಡೋದಿದ್ರ ಯುರೋಪಿನ ತಾರೀಖು ನೋಡ್ರಿ. ಬಾಂಗ್ಲಾ ಬಡ ದೇಶಗಳ ಪಟ್ಟಿಯಿಂದ ಹೊರಗ ಬರೋದು 2026ರ ನವೆಂಬರ್ ಅಂತ ಗೊತ್ತು ಮಾಡಿದ್ರು, ಬಂದ್ರೂ ಮೂರು ವರ್ಷ ಯುರೋಪ್ ಸುಂಕ ಹಾಕಂಗಿಲ್ಲ, ಆಮ್ಯಾಲ ಹೊಸ ಸವಲತ್ತು ಸಿಗದಿದ್ರ ಅಂಗಿ ಮ್ಯಾಲ ನೂರಕ್ಕ ಹತ್ತರ ಆಸುಪಾಸು ಬೀಳತೈತಿ. ಪಾಕಿಸ್ತಾನದ ಜಿಎಸ್‌ಪಿ ಪ್ಲಸ್ 2025ರ ಲೆಕ್ಕದಾಗ 2027ರ ಕಡೀತನಕ ಇತ್ತು. ಅದು ಮುಂದುವರದು, ಬಾಂಗ್ಲಾದ್ದು ತಪ್ಪಿದ್ರ ಒಂದಿಷ್ಟು ಆರ್ಡರ್ ಲಾಹೋರ್, ಫೈಸಲಾಬಾದ್ ಕಡೆ ತಿರುಗತಾವ, ಆಗ ಈ ದೋಸ್ತಿ ಮಾತು ಢಾಕಾದ ಫ್ಯಾಕ್ಟರಿ ಮಾಲಕರ ಬಾಯಾಗ ಇಷ್ಟು ಸಿಹಿ ಇರಂಗಿಲ್ಲ ಅಂತ ನನಗ ಅನಸ್ತೈತಿ.