ಎಲ್‌ಪಿಎನ್ (ಲೈಸೆನ್ಸ್ಡ್ ಪ್ರಾಕ್ಟಿಕಲ್ ನರ್ಸ್) ಲೈಸೆನ್ಸ್ ತಗೊಂಡರೆ ನ್ಯೂಯಾರ್ಕ್‌ನಲ್ಲಿ ಕೆಲಸ ಸಿಗುತ್ತಾ?

ಪ್ರಶ್ನೆ: ಮೇಡಂ, ನಮಸ್ಕಾರ. ದಾವಣಗೆರೆಯಲ್ಲಿ ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಮುಗಿಸಿ ಬೆಂಗಳೂರಿನ ಖಾಸಗಿ ಆಸ್ಪತ್ರೆಯ ವಾರ್ಡಿನಲ್ಲಿ 4 ವರ್ಷ ಕೆಲಸ ಮಾಡಿದ್ದೆ. ಮದುವೆಯಾಗಿ ಯಜಮಾನರ ಜೊತೆ ನ್ಯೂಯಾರ್ಕ್‌ನ ಕ್ವೀನ್ಸ್‌ಗೆ ಬಂದು 3 ವರ್ಷ ಆಯ್ತು. ಈಗ ಎಚ್-4 ಇಎಡಿ, ಅಂದರೆ ಯಜಮಾನರ ವೀಸಾ ಮೇಲೆ ಬಂದವರಿಗೆ ಕೊಡುವ ಕೆಲಸದ ಪರವಾನಗಿ, ಬಂದಿದೆ. ಪರಿಚಯದವರೊಬ್ಬರು "ಆರ್‌ಎನ್ (ರಿಜಿಸ್ಟರ್ಡ್ ನರ್ಸ್) ಎಲ್ಲ ಕಷ್ಟ, ಸುಮ್ನೆ ಎಲ್‌ಪಿಎನ್ ತಗೋ, ಇಷ್ಟು ದೊಡ್ಡ ಊರಲ್ಲಿ ಕೆಲಸಕ್ಕೇನು ಬರ" ಅಂತಾರೆ. ಎಲ್‌ಪಿಎನ್‌ಗೆ ಆಸ್ಪತ್ರೆಯಲ್ಲಿ ಕೆಲಸ ಸಿಗುತ್ತಾ? ಸಂಬಳ ಎಷ್ಟಿರುತ್ತೆ?

ಉತ್ತರ: ಕೆಲಸ ಸಿಗುತ್ತದೆ. ಆದರೆ ನೀವು ಅಂದುಕೊಂಡ ಜಾಗದಲ್ಲಿ ಅಲ್ಲ.

ಮ್ಯಾನ್‌ಹ್ಯಾಟನ್‌ನ ದೊಡ್ಡ ಆಸ್ಪತ್ರೆಗಳ ವಾರ್ಡುಗಳಲ್ಲಿ ಈಗ ಹೆಚ್ಚಾಗಿ ಆರ್‌ಎನ್‌ಗಳೇ ಇರುತ್ತಾರೆ, ಅದರಲ್ಲೂ ಬಿಎಸ್ಸಿ ಇದ್ದವರನ್ನೇ ಮೊದಲು ಕರೆಯುತ್ತಾರೆ. ಎಲ್‌ಪಿಎನ್‌ಗಳಿಗೆ ಬಾಗಿಲು ತೆರೆದಿರುವುದು ನರ್ಸಿಂಗ್ ಹೋಮ್‌ಗಳಲ್ಲಿ, ಮನೆಗೆ ಹೋಗಿ ನೋಡಿಕೊಳ್ಳುವ ಏಜೆನ್ಸಿಗಳಲ್ಲಿ, ಡಾಕ್ಟರ್ ಕ್ಲಿನಿಕ್‌ಗಳಲ್ಲಿ. ನರ್ಸಿಂಗ್ ಹೋಮ್ ಅಂದರೆ ನಮ್ಮೂರಿನ ಹಾಗೆ ಹೆರಿಗೆ, ಅಪೆಂಡಿಕ್ಸ್ ಆಪರೇಷನ್ ಮಾಡುವ ಸಣ್ಣ ಆಸ್ಪತ್ರೆ ಅಂದುಕೊಳ್ಳಬೇಡಿ. ಇಲ್ಲಿ ಅದು ವಯಸ್ಸಾದವರು, ಮರೆವಿನ ಕಾಯಿಲೆಯವರು, ಪಾರ್ಶ್ವವಾಯು ಆದವರು ವರ್ಷಗಟ್ಟಲೆ ಇರುವ ಜಾಗ. ಕ್ವೀನ್ಸ್, ಬ್ರಾಂಕ್ಸ್, ಬ್ರೂಕ್ಲಿನ್‌ನಲ್ಲಿ ಇಂಥವು ತುಂಬ ಇವೆ. 2022ರಿಂದ ನ್ಯೂಯಾರ್ಕ್ ರಾಜ್ಯದಲ್ಲಿ ಒಂದು ಕಾನೂನೂ ಇದೆ: ನರ್ಸಿಂಗ್ ಹೋಮ್‌ನಲ್ಲಿರುವ ಪ್ರತಿಯೊಬ್ಬರಿಗೂ ದಿನಕ್ಕೆ ಸರಾಸರಿ 3.5 ಗಂಟೆ ಆರೈಕೆ ಸಿಗಬೇಕು, ಅದರಲ್ಲಿ ಕನಿಷ್ಠ 1.1 ಗಂಟೆ ಆರ್‌ಎನ್ ಅಥವಾ ಎಲ್‌ಪಿಎನ್ ಕೈಯಿಂದಲೇ ಆಗಬೇಕು. ಅಂದರೆ ಲೈಸೆನ್ಸ್ ಇರುವವರು ಅವರಿಗೆ ಬೇಕೇ ಬೇಕು.

ಕೆಲಸ ಹೇಗಿರುತ್ತದೆ ಅಂತ ಮೊದಲೇ ತಿಳಿದಿರಲಿ. ನಾನು 2 ವರ್ಷ ಎಲ್‌ಪಿಎನ್ ಆಗಿ ಸಂಜೆ ಶಿಫ್ಟ್ ಮಾಡಿದ್ದೇನೆ. ಒಂದು ಮಹಡಿ, ಹತ್ತಿರ ಹತ್ತಿರ 40 ಜನ, ಔಷಧಿ ಗಾಡಿ ತಳ್ಳಿಕೊಂಡು ಒಂದೊಂದೇ ರೂಮಿಗೆ ಹೋಗಿ ಮಾತ್ರೆ ಪುಡಿ ಮಾಡಿ ಜಾಮ್ ಜೊತೆ ಕೊಡುವುದು, ಶುಗರ್ ನೋಡಿ ಇನ್ಸುಲಿನ್ ಹಾಕುವುದು, ಟ್ಯೂಬ್ ಫೀಡಿಂಗ್, ಬೆನ್ನು ಹುಣ್ಣಿಗೆ ಡ್ರೆಸ್ಸಿಂಗ್, ನಡುವೆ ಯಾರೋ ಬಿದ್ದರೆ ಅಲ್ಲಿಗೆ ಓಡುವುದು, ಕೊನೆಗೆ ಎಲ್ಲವನ್ನೂ ಕಂಪ್ಯೂಟರಿನಲ್ಲಿ ಬರೆಯುವುದು. ಮೊದಲ ತಿಂಗಳು ಮನೆಗೆ ಬಂದು ಅತ್ತಿದ್ದೇನೆ. ಆಮೇಲೆ ಆ ಅಜ್ಜಿಯರು ನನ್ನ ಹೆಸರು ಹಿಡಿದು ಕರೆಯಲು ಶುರು ಮಾಡಿದ ಮೇಲೆ ಬಿಟ್ಟು ಬರಲು ಮನಸ್ಸಾಗಲಿಲ್ಲ. ಆದರೆ ವಾರ್ಡಿನಲ್ಲಿ ನೀವು ಸ್ವಂತ ತೀರ್ಮಾನದಲ್ಲಿ ಮಾಡುತ್ತಿದ್ದ ಎಷ್ಟೋ ಕೆಲಸ ಇಲ್ಲಿ ಎಲ್‌ಪಿಎನ್ ಮಾಡುವಂತಿಲ್ಲ. ರೋಗಿಯನ್ನು ಪರೀಕ್ಷಿಸಿ ಆರೈಕೆಯ ಪ್ಲಾನ್ ಮಾಡುವುದು ಆರ್‌ಎನ್ ಕೆಲಸ, ಎಲ್‌ಪಿಎನ್ ಏನಿದ್ದರೂ ಆರ್‌ಎನ್ ಅಥವಾ ಡಾಕ್ಟರ್ ಹೇಳಿದಂತೆ ಮಾಡಬೇಕು. 4 ವರ್ಷ ವಾರ್ಡ್ ನೋಡಿದವರಿಗೆ ಇದು ನೋವಾಗುತ್ತದೆ.

ಸಂಬಳದ ವಿಷಯ. 2023ರ ಸರ್ಕಾರಿ ಲೆಕ್ಕದಲ್ಲಿ ಇಡೀ ಅಮೆರಿಕದ ಎಲ್‌ಪಿಎನ್‌ಗಳ ಮಧ್ಯಮ ಸಂಬಳ ವರ್ಷಕ್ಕೆ 59,730 ಡಾಲರ್, ಆರ್‌ಎನ್‌ಗಳದ್ದು 86,070. ನ್ಯೂಯಾರ್ಕ್ ನಗರದಲ್ಲಿ ಎರಡೂ ಇದಕ್ಕಿಂತ ಜಾಸ್ತಿ, ಆದರೆ ಬಾಡಿಗೆಯೂ ಹಾಗೇ ಇದೆ ಅಲ್ವಾ. 1199 ಅನ್ನುವ ಆಸ್ಪತ್ರೆ ನೌಕರರ ಯೂನಿಯನ್ ಇರುವ ನರ್ಸಿಂಗ್ ಹೋಮ್ ಸಿಕ್ಕರೆ ಹೆಲ್ತ್ ಇನ್ಶೂರೆನ್ಸ್, ರಜೆ ಎಲ್ಲ ಚೆನ್ನಾಗಿರುತ್ತದೆ. ಏಜೆನ್ಸಿಯವರು ಗಂಟೆಗೆ ಎರಡು ಡಾಲರ್ ಜಾಸ್ತಿ ಅಂದರೂ ಇವನ್ನೆಲ್ಲ ಕೇಳಿಕೊಂಡೇ ಒಪ್ಪಿ. ಇಂಟರ್‌ವ್ಯೂನಲ್ಲಿ ಎರಡು ಪ್ರಶ್ನೆ ನೀವೇ ಕೇಳಿ: ಒಬ್ಬ ನರ್ಸ್‌ಗೆ ಎಷ್ಟು ಜನ, ಟ್ರೇನಿಂಗ್ ಎಷ್ಟು ದಿನ. "ಮೂರು ದಿನ ಸಾಕು" ಅನ್ನುವ ಕಡೆ ಹೋಗಬೇಡಿ.

ಈಗ ಮುಖ್ಯ ಮಾತು. ನೀವು ಜಿಎನ್‌ಎಂ. ಎಲ್‌ಪಿಎನ್ ಅಂದರೆ ಇಲ್ಲಿ ಸುಮಾರು ಒಂದು ವರ್ಷದ ಕೋರ್ಸ್, ನಿಮ್ಮದು ಮೂರು ವರ್ಷಕ್ಕಿಂತ ಕಡಿಮೆ ಇಲ್ಲದ ಓದು. ಜಿಎನ್‌ಎಂ ಮಾಡಿ ಇಲ್ಲಿ ಆರ್‌ಎನ್ ಆದವರು ಬೇಕಾದಷ್ಟು ಜನ ಇದ್ದಾರೆ, ನಾನೂ ಅವರಲ್ಲಿ ಒಬ್ಬಳು. ಕಾಗದಪತ್ರದ ಓಡಾಟ ಎರಡಕ್ಕೂ ಹೆಚ್ಚುಕಮ್ಮಿ ಒಂದೇ. ಕಾಲೇಜಿನಿಂದ ಅಂಕಪಟ್ಟಿ ಮತ್ತು ತರಬೇತಿಯ ಗಂಟೆಗಳ ವಿವರ, ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಿಂದ ನೋಂದಣಿ ದೃಢೀಕರಣ, ಎರಡೂ ಪರಿಶೀಲನೆ ಮಾಡುವ ಸಂಸ್ಥೆಗೆ ಅಲ್ಲಿಂದಲೇ ನೇರ ಬರಬೇಕು. ಇಷ್ಟೆಲ್ಲ ಒದ್ದಾಡಿ ಎಲ್‌ಪಿಎನ್ ಲೈಸೆನ್ಸ್ ಪರೀಕ್ಷೆ ಎನ್‌ಕ್ಲೆಕ್ಸ್-ಪಿಎನ್ ಬರೆಯುವ ಬದಲು ಆರ್‌ಎನ್ ಪರೀಕ್ಷೆ ಎನ್‌ಕ್ಲೆಕ್ಸ್-ಆರ್‌ಎನ್‌ಗೇ ಅರ್ಜಿ ಹಾಕಿ. ಮಕ್ಕಳ ವಿಭಾಗ, ಮನೋರೋಗ ಹೀಗೆ ಯಾವುದಾದರೂ ವಿಷಯ ಕಡಿಮೆ ಬಿತ್ತು ಅಂತ ಉತ್ತರ ಬಂದರೆ, ಆಗ ಎಲ್‌ಪಿಎನ್ ತಗೊಂಡು ದುಡಿಯುತ್ತಾ ಅದನ್ನು ಓದಿ ತುಂಬಿಸಿಕೊಳ್ಳಬಹುದು. ಕ್ವೀನ್ಸ್‌ನಲ್ಲೇ ಲಾಗ್ವಾರ್ಡಿಯಾ, ಕ್ವೀನ್ಸ್‌ಬರೋ ಕಮ್ಯುನಿಟಿ ಕಾಲೇಜುಗಳಲ್ಲಿ ನರ್ಸಿಂಗ್ ಇದೆ, ವಿಚಾರಿಸಿ. ನನಗೆ ಇದನ್ನು ಹೇಳುವವರು ಯಾರೂ ಇರಲಿಲ್ಲ. ನನ್ನ ಕಾಲೇಜು ಅಂಕಪಟ್ಟಿ ಕಳಿಸಲು 11 ತಿಂಗಳು ತಗೊಂಡಿತು, ಬೇಸತ್ತು ಎಲ್‌ಪಿಎನ್ ಸಾಕು ಅಂದುಕೊಂಡೆ, ಎರಡು ವರ್ಷ ಹಿಂದೆ ಬಿದ್ದೆ. ನಿಮ್ಮ ಊರಿನಲ್ಲಿ ಅಣ್ಣನೋ ತಂಗಿಯೋ ಇದ್ದರೆ ಕಾಲೇಜಿಗೆ ವಾರಕ್ಕೊಮ್ಮೆ ಹೋಗಿ ಬರಲಿ. ಫೋನಿನಲ್ಲಿ ಆ ಕೆಲಸ ಆಗಲ್ಲ.

ಇನ್ನೊಂದು. ನ್ಯೂಯಾರ್ಕ್ ಲೈಸೆನ್ಸ್ ನ್ಯೂಜೆರ್ಸಿಯಲ್ಲಿ ನಡೆಯುವುದಿಲ್ಲ, ನದಿ ದಾಟಿದರೆ ಬೇರೆ ಲೈಸೆನ್ಸ್ ಬೇಕು.

ಪ್ರಶ್ನೆ: ಮಗಳು ಎಎನ್‌ಎಂ (ಜಿಎನ್‌ಎಂಗಿಂತ ಚಿಕ್ಕ ನರ್ಸಿಂಗ್ ಕೋರ್ಸ್) ಮಾಡಿದ್ದಾಳೆ, ನಾವು ಹಾಸನದವರು. ಏಜೆಂಟ್ ಒಬ್ಬರು 6 ಲಕ್ಷ ಕೊಟ್ಟರೆ ಅಮೆರಿಕದಲ್ಲಿ ಎಲ್‌ಪಿಎನ್ ಕೆಲಸ, ಗ್ರೀನ್ ಕಾರ್ಡ್ ಎರಡೂ ಕೊಡಿಸುತ್ತೇನೆ ಅಂತಿದ್ದಾರೆ. ನಂಬಬಹುದಾ?

ಉತ್ತರ: ಬೇಡ ಅಮ್ಮಾ, ದುಡ್ಡು ಕೊಡಬೇಡಿ. ಅಮೆರಿಕ ಸರ್ಕಾರ ಗ್ರೀನ್ ಕಾರ್ಡಿಗೆ ಅನುಕೂಲ ಮಾಡಿಕೊಟ್ಟಿರುವ ಶೆಡ್ಯೂಲ್ ಎ ಪಟ್ಟಿಯಲ್ಲಿ ಆರ್‌ಎನ್ ಇದ್ದಾರೆ, ಎಲ್‌ಪಿಎನ್ ಇಲ್ಲ. ಹಾಗಾಗಿ ಎಲ್‌ಪಿಎನ್‌ಗಳನ್ನು ಹೊರಗಿನಿಂದ ಕರೆಸಿಕೊಳ್ಳುವವರು ತೀರಾ ಅಪರೂಪ. ಸರ್ಟಿಫಿಕೇಟ್ ನಾವೇ ಹೊಂದಿಸಿ ಕೊಡುತ್ತೇವೆ ಅಂದರಂತೂ ಅಲ್ಲಿಂದ ಎದ್ದು ಬನ್ನಿ. ಫ್ಲೋರಿಡಾದ ಕೆಲವು ಶಾಲೆಗಳು ಮಾರಿದ ಸಾವಿರಾರು ನಕಲಿ ನರ್ಸಿಂಗ್ ಡಿಪ್ಲೊಮಾಗಳು 2023ರಲ್ಲಿ ಬಯಲಾದವು, ಅದಾದ ಮೇಲೆ ಎಷ್ಟೋ ಜನರ ಲೈಸೆನ್ಸ್ ಹೋಯಿತು. ಮಗಳಿಗೆ ಓದುವ ಆಸೆ ಇದ್ದರೆ ಅದೇ ದುಡ್ಡಿನಲ್ಲಿ ಜಿಎನ್‌ಎಂ ಅಥವಾ ಬಿಎಸ್ಸಿ ನರ್ಸಿಂಗ್ ಸೇರಿಸಿ. ಅವಳ ಪಾಸ್‌ಪೋರ್ಟ್, ಅಂಕಪಟ್ಟಿಯ ಒರಿಜಿನಲ್ ಏನಾದರೂ ಆ ಏಜೆಂಟ್ ಹತ್ತಿರ ಇದ್ದರೆ ಇವತ್ತೇ ಹೋಗಿ ವಾಪಸ್ ತಗೊಂಡು ಬನ್ನಿ.