ಓದುಗರ ಪ್ರಶ್ನೆ: ತಮಟೆಗೆ ಹತ್ತು, ಕೋಲಿಗೆ ಒಂದು

ಪ್ರಶ್ನೆ: ನಮ್ಮದು ನಲಿ-ಕಲಿ ತರಗತಿ, ಒಂದರಿಂದ ಮೂರನೇ ತರಗತಿವರೆಗಿನ 28 ಮಕ್ಕಳು. ಗಿಲಕಿ, ತಾಳ, ಕೋಲು, ಒಂದು ಸಣ್ಣ ತಮಟೆ ಇವೆ. ಹಾಡು ಹೇಳುವಾಗ ಬಾರಿಸುತ್ತಾರೆ, ಅಷ್ಟೇ. ಗಣಿತಕ್ಕೂ ಬಳಸಬಹುದೇ? — ಶಿಕ್ಷಕಿ, ತುಮಕೂರು ಜಿಲ್ಲೆ

ಉತ್ತರ: ಖಂಡಿತ ಬಳಸಬಹುದು. ಆದರೆ ಒಂದು ಕಟ್ಟುನಿಟ್ಟು ಬೇಕು: ಆ ಪಾಠ ಮುಗಿಯುವವರೆಗೆ ಒಂದು ವಾದ್ಯದ ಸದ್ದಿಗೆ ಒಂದೇ ಅರ್ಥ. ಇದು ತಪ್ಪಿದರೆ ಉಳಿಯುವುದು ಗದ್ದಲ ಮಾತ್ರ.

ಸ್ಥಾನಬೆಲೆಯಿಂದ ಶುರು ಮಾಡಿ. ತಮಟೆಯ ಪೆಟ್ಟು ಹತ್ತು, ಕೋಲಿನ ಪೆಟ್ಟು ಒಂದು. ತಮಟೆಗೆ ಮೂರು ಪೆಟ್ಟು ಕೊಟ್ಟು, ತುಸು ತಡೆದು, ಕೋಲಿಗೆ ನಾಲ್ಕು ಕೊಡಿ. ಮಕ್ಕಳು ಸ್ಲೇಟಿನಲ್ಲಿ 34 ಬರೆಯಲಿ. ಮೊದಮೊದಲು ಹತ್ತು ಕಡ್ಡಿಗಳ ಕಟ್ಟುಗಳು ಕಣ್ಣೆದುರೇ ಇರಬೇಕು. ಮಗು 34ರ ಬದಲು 7 ಎಂದರೆ ಅದರ ಎಣಿಕೆಯಲ್ಲಿ ತಪ್ಪಿಲ್ಲ. ಎರಡೂ ಸದ್ದು ಅದಕ್ಕೆ ಇನ್ನೂ ಒಂದೇ. ಅಂಥ ಮಗುವಿನ ಕೈಗೆ ಮತ್ತೆ ಕಡ್ಡಿ ಕಟ್ಟು ಕೊಡಿ.

ಇದು ಹಿಡಿದ ಮೇಲೆ ಎರಡು ಪರೀಕ್ಷೆ. ಒಂದು, ತಮಟೆಗೆ ನಾಲ್ಕು ಪೆಟ್ಟು ಕೊಟ್ಟು ಸುಮ್ಮನಾಗಿ. ಕೋಲಿನ ಸದ್ದಿಗಾಗಿ ಕಾದು, ಬಾರದಿದ್ದಾಗ ಸೊನ್ನೆ ಬರೆದ ಮಗುವಿಗೆ 40ರ ಸೊನ್ನೆ ಅರ್ಥವಾಗಿದೆ. ಇನ್ನೊಂದು, ಕ್ರಮ ತಿರುಗಿಸಿ: ಮೊದಲು ಕೋಲಿಗೆ ನಾಲ್ಕು, ಆಮೇಲೆ ತಮಟೆಗೆ ಮೂರು. 43 ಎಂದು ಬರೆದವರು ಬೆಲೆಯನ್ನಲ್ಲ, ಸರದಿಯನ್ನು ಬರೆಯುತ್ತಿದ್ದಾರೆ. ಬರೀ ಪುಸ್ತಕದ ಲೆಕ್ಕದಲ್ಲಿ ಈ ತಪ್ಪು ಬೆಳಕಿಗೇ ಬರುವುದಿಲ್ಲ. ಒಂದೇ ಸಮನೆ ಏಳೆಂಟು ಪೆಟ್ಟು ಬಿದ್ದರೆ ಚಿಕ್ಕವರಿಗೆ ಎಣಿಕೆ ತಪ್ಪುತ್ತದೆ. ಏಳನ್ನು ನಾಲ್ಕು, ಮೂರು ಎಂದು ಒಡೆದು ಬಾರಿಸಿ.

ಮಗ್ಗಿಯಲ್ಲಿ ಒಂದು ಎಚ್ಚರ. ‘ತಕಿಟ ತಕಿಟ’ ಎಂದಾಗ ಕೈ ತಾನಾಗಿ ಮೊದಲ ಅಕ್ಷರಕ್ಕೆ ಒತ್ತು ಕೊಡುತ್ತದೆ. ಹಾಗೆ ಬಾರಿಸಿದರೆ ತಮಟೆ ಬೀಳುವುದು 1, 4, 7, 10ಕ್ಕೆ; ಮೂರರ ಮಗ್ಗಿಯ ಸಂಖ್ಯೆಗಳಾದರೋ 3, 6, 9, 12. ಆದ್ದರಿಂದ ‘ಒಂದು, ಎರಡು’ ತೊಡೆಯ ಮೇಲೆ, ‘ಮೂರು’ ತಮಟೆಯ ಮೇಲೆ. ಕೈ ಪಳಗಿದ ಮೇಲೆ ಒಂದು ಗುಂಪು ಮೂರಕ್ಕೊಮ್ಮೆ ತಮಟೆ, ಇನ್ನೊಂದು ಗುಂಪು ನಾಲ್ಕಕ್ಕೊಮ್ಮೆ ತಾಳ ಬಾರಿಸಲಿ. ಎಣಿಕೆಯನ್ನು ನೀವೇ ಗಟ್ಟಿಯಾಗಿ ಹೇಳಿ, ಇಲ್ಲದಿದ್ದರೆ ಓಟ ಹೆಚ್ಚುತ್ತದೆ. ಎರಡೂ ಒಟ್ಟಿಗೆ ಬೀಳುವುದು 12ಕ್ಕೆ, ಮತ್ತೆ 24ಕ್ಕೆ. ಲಸಾಅ (ಲಘುತಮ ಸಾಮಾನ್ಯ ಅಪವರ್ತ್ಯ) ಎಂಬ ಹೆಸರು ಮುಂದೆಂದೋ ಬರುತ್ತದೆ. ಸಂಗತಿಯನ್ನು ಮೂರನೇ ತರಗತಿಯ ಕಿವಿ ಈಗಲೇ ಕೇಳಿರುತ್ತದೆ.

ಪ್ರಶ್ನೆ: ವಾರಾಂತ್ಯದಲ್ಲಿ ಇಲ್ಲಿನ ಮಕ್ಕಳಿಗೆ ಕನ್ನಡ ಕಲಿಸುತ್ತೇವೆ. ‘ಬಳೆ’, ‘ಬಾಳೆ’ ಎರಡನ್ನೂ ಒಂದೇ ರೀತಿ ಹೇಳುತ್ತಾರೆ. ‘ಕತೆ’, ‘ಕತ್ತೆ’ಯೂ ಅಷ್ಟೇ. — ಪೋಷಕರು, ಲಂಡನ್

ಉತ್ತರ: ಎರಡೂ ಬೇರೆ ಬೇರೆ ತೊಡಕು, ವಾದ್ಯವನ್ನೂ ಬೇರೆ ರೀತಿ ಬಳಸಬೇಕು. ಹ್ರಸ್ವಕ್ಕೆ ಕೋಲಿನ ಒಂದು ಪೆಟ್ಟು, ದೀರ್ಘಕ್ಕೆ ತಾಳ. ತಾಳದ ನಾದವನ್ನು ಎರಡು ಎಣಿಕೆಯಷ್ಟು ಬಿಟ್ಟು ಬೆರಳಿಂದ ಮುಚ್ಚಿ. ‘ಬಳೆ’ ಎಂದರೆ ಟಕ್, ಟಕ್. ‘ಬಾಳೆ’ ಎಂದರೆ ಟಣ್‌ಣ್, ಟಕ್. ನಾದ ಇರುವಷ್ಟು ಹೊತ್ತೂ ಮಗುವಿನ ಬಾಯಲ್ಲಿ ‘ಆ’ ಇರಬೇಕು.

‘ಕತ್ತೆ’ಗೆ ತಾಳ ಬೇಡ. ಛಂದಸ್ಸಿನ ಲೆಕ್ಕದಲ್ಲಿ ಇಲ್ಲಿಯ ‘ಕ’ ಕೂಡ ಗುರುವೇ, ಎರಡು ಮಾತ್ರೆ. ಆದರೆ ಅಲ್ಲಿ ಸ್ವರ ಎಳೆಯುವುದಿಲ್ಲ, ನಾಲಗೆ ಹಲ್ಲಿಗೆ ತಾಗಿ ಉಸಿರು ತಡೆಯುತ್ತದೆ. ತಾಳ ಬಾರಿಸಿದರೆ ಮಗು ‘ಕಾತೆ’ ಎನ್ನುತ್ತದೆ. ಕೋಲಿಗೆ ಒಂದು ಪೆಟ್ಟು, ಒಂದು ಎಣಿಕೆ ಕೋಲುಗಳನ್ನು ಒತ್ತಿ ಹಿಡಿದು ಮೌನ, ಮತ್ತೊಂದು ಪೆಟ್ಟು. ‘ಬಳಿ’, ‘ಬಳ್ಳಿ’ಯನ್ನೂ ಹೀಗೇ ಆಡಿಸಿ. ಬರೆಯಲು ಬಲ್ಲ ಮಕ್ಕಳು ಒತ್ತಕ್ಷರಕ್ಕೂ ಒಂದು ಪೆಟ್ಟು ಸೇರಿಸಿ ಮೂರು ಮಾಡುವುದುಂಟು; ಪದವನ್ನು ತೋರಿಸದೆ ಬರೀ ಕೇಳಿಸಿ.

ಪ್ರಶ್ನೆ: ಅಂಗನವಾಡಿಗೆಂದು ಬಾಟಲಿಗೆ ಅಕ್ಕಿ ತುಂಬಿ ಗಿಲಕಿ ಮಾಡಿದ್ದೆವು. ಕೆಲವು ವಾರಕ್ಕೇ ಹುಳು ಬಿತ್ತು. ಬೇರೆ ಏನು ತುಂಬಬಹುದು? — ಕಾರ್ಯಕರ್ತೆ, ಶಿವಮೊಗ್ಗ ಜಿಲ್ಲೆ

ಉತ್ತರ: ತೊಳೆದು ಒಣಗಿಸಿದ ಮರಳು ಅಥವಾ ಹುಣಸೆಬೀಜ ತುಂಬಿ. ರಾಗಿಯೇ ಬೇಕಿದ್ದರೆ ಹುರಿದು, ಪೂರ್ತಿ ಆರಿದ ಮೇಲೆ ಹಾಕಿ. ಬಿಸಿಯಿದ್ದರೆ ಒಳಗೆ ನೀರಾಡಿ ಬೂಷ್ಟು ಹಿಡಿಯುತ್ತದೆ. 200 ಮಿ.ಲೀ. ಬಾಟಲಿಗೆ ಎರಡು ದೊಡ್ಡ ಚಮಚ ಸಾಕು. ಅರ್ಧ ತುಂಬಿದರೆ ಕಾಳಿಗೆ ಕುಣಿಯಲು ಜಾಗವಿಲ್ಲದೆ ಸದ್ದು ಮಂಕಾಗುತ್ತದೆ. ನೋಡಲು ಚಂದವೆಂದು ಗುಲಗಂಜಿ ಮಾತ್ರ ಬೇಡವೇ ಬೇಡ. ಬೀಜ ಒಡೆದು ಹೊಟ್ಟೆಗೆ ಹೋದರೆ ಜೀವಕ್ಕೆ ಅಪಾಯ. ಹರಳು ಬೀಜವೂ ಅಷ್ಟೇ. ಮುಚ್ಚಳವನ್ನು ಪ್ಲಾಸ್ಟಿಕ್ಕಿಗೆ ಹಿಡಿಯುವ ಗಟ್ಟಿ ಅಂಟಿನಿಂದ ಕೂರಿಸಿ, ಮೇಲೆ ಟೇಪು ಸುತ್ತಿ, ವಾರಕ್ಕೊಮ್ಮೆ ತಿರುಚಿ ನೋಡಿ. ಚಿಕ್ಕ ಮಕ್ಕಳ ಗಂಟಲಿಗೆ ಹುಣಸೆಬೀಜ ಸಿಕ್ಕಿಕೊಳ್ಳಬಹುದು.

ಬಾಟಲಿಗಳಿಗೆ ಕಾಗದ ಸುತ್ತಿ ಜೋಡಿ ಹುಡುಕುವ ಆಟವನ್ನೂ ಆಡಿಸಬಹುದು: ಎರಡು ಮರಳು, ಎರಡು ರಾಗಿ, ಎರಡು ಹುಣಸೆಬೀಜ. ಜೋಡಿಯ ಎರಡಕ್ಕೂ ಅದೇ ಚಮಚದಲ್ಲಿ ಅಳೆದು ಹಾಕಿ. ಅಳತೆ ಹೆಚ್ಚುಕಮ್ಮಿಯಾದರೆ ಸದ್ದು ಬೇರೆಯಾಗುತ್ತದೆ, ‘ಇದು ಜೋಡಿ ಅಲ್ಲ’ ಎಂದ ಮಗುವಿನ ಮಾತೇ ಸರಿ.

ಪ್ರಶ್ನೆ: ಸದ್ದು ಎಂದರೆ ಕಂಪನ ಎಂದು ತೋರಿಸುವುದು ಹೇಗೆ? ಪಕ್ಕದ ತರಗತಿಯವರ ದೂರೂ ಬರಬಾರದು. — ಶಿಕ್ಷಕ, ಮಂಡ್ಯ ಜಿಲ್ಲೆ

ಉತ್ತರ: ಬಲೂನಿನ ಕತ್ತು ಕತ್ತರಿಸಿ, ಹಾಲಿನ ಪುಡಿಯ ಖಾಲಿ ಡಬ್ಬದ ಬಾಯಿಗೆ ಬಿಗಿಯಾಗಿ ಎಳೆದು ರಬ್ಬರ್ ಬ್ಯಾಂಡ್ ಹಾಕಿ. ಮೇಲೆ ಚಿಟಿಕೆ ಚಿರೋಟಿ ರವೆ ಉದುರಿಸಿ. ಡಬ್ಬವನ್ನು ಮುಟ್ಟದೆ, ಒಂದು ಗೇಣು ಮೇಲೆ ತಮಟೆ ಹಿಡಿದು ಜೋರಾಗಿ ಒಂದು ಪೆಟ್ಟು ಕೊಡಿ: ರವೆ ನೆಗೆಯುತ್ತದೆ. ನೆಗೆಯದಿದ್ದರೆ ಬಲೂನು ಸಡಿಲವಾಗಿದೆ, ಇಲ್ಲವೇ ರವೆ ದಪ್ಪವಾಯಿತು. ಚರ್ಮದ ತಮಟೆಯಾದರೆ ಮಳೆಗಾಲದಲ್ಲಿ ಇನ್ನೊಂದು ಪಾಠವೂ ಸಿಗುತ್ತದೆ. ತೇವ ಹೀರಿ ಸಡಿಲಾದ ಚರ್ಮವನ್ನು ಮೊದಲು ಬಾರಿಸಿ ಕೇಳಿಸಿ, ಬಿಸಿಲಿಗಿಟ್ಟು ಮತ್ತೆ ಕೇಳಿಸಿ. ಬಿಗಿಯಾದಷ್ಟೂ ದನಿ ಏರುತ್ತದೆ. ತಮಟೆಯವರು ಬೆಂಕಿ ಕಾಯಿಸುವುದೂ ಇದಕ್ಕೇ. ಫೈಬರ್ ತಮಟೆಯಲ್ಲಿ ಇದು ಕಾಣುವುದಿಲ್ಲ.

ಗದ್ದಲದ ವಿಷಯ: ಎಲ್ಲರಿಗೂ ವಾದ್ಯ ಕೊಡಬೇಡಿ. ಏಳೆಂಟು ಮಂದಿಗೆ ವಾದ್ಯ, ಉಳಿದವರು ತೊಡೆ ತಟ್ಟಲಿ, ಸರದಿ ಬದಲಾಗಲಿ. ತಮಟೆಯ ಕೋಲಿನ ತುದಿಗೆ ಬಟ್ಟೆ ಸುತ್ತಿ. ‘ನಿಲ್ಲಿಸಿ’ ಎಂದು ಕೂಗಿದರೆ ಆ ಸದ್ದಿನಲ್ಲಿ ಯಾರಿಗೂ ಕೇಳಿಸದು. ಎತ್ತಿದ ಕೈಯೇ ಸೂಚನೆಯಾಗಲಿ, ಕೈ ಕಂಡೊಡನೆ ವಾದ್ಯ ನೆಲಕ್ಕೆ. ಸದ್ದಿಗೆ ಬೆಚ್ಚುವ ಮಗುವನ್ನು ತಮಟೆಯಿಂದ ದೂರ ಕೂರಿಸಿ, ಕೈ ಎತ್ತುವ ಕೆಲಸವನ್ನು ಅದಕ್ಕೇ ವಹಿಸಿ.