ಏಳು ಸೀಸನ್ ಆದ ಮೇಲೆ ಎದ್ದು ಹೊರಟ ನಟ

ಓದುಗರ ಪತ್ರ: ಕಳೆದ ಸಂಚಿಕೆಯಲ್ಲಿ ಕೊರಿಯಾ ಮೂಲದ ಅಮೆರಿಕನ್ ನಟ ಡೇನಿಯಲ್ ಡೇ ಕಿಮ್ ಅವರನ್ನು ಹೊಗಳಿ ಬರೆದಿದ್ದೀರಿ. ಕೈತುಂಬ ಡಾಲರ್ ಎಣಿಸುವ ನಟ ಇನ್ನೂ ಜಾಸ್ತಿ ದುಡ್ಡು ಬೇಕು ಅಂತ ಧಾರಾವಾಹಿ ಬಿಟ್ಟರೆ ಅದರಲ್ಲಿ ದೊಡ್ಡತನ ಏನು ಬಂತು? ಅವರೇನು ಅದರ ಹೀರೋನೂ ಅಲ್ಲವಲ್ಲ?

ಸಂಪಾದಕರ ಉತ್ತರ:

ನಿಮ್ಮ ಪ್ರಶ್ನೆ ಸರಿಯಾಗಿಯೇ ಇದೆ. ಅದರ ಕೊನೆಯ ಮಾತಿನಿಂದಲೇ ಶುರು ಮಾಡುತ್ತೇನೆ.

ಅವರು ಬಿಟ್ಟ ಧಾರಾವಾಹಿ ‘ಹವಾಯಿ ಫೈವ್-ಓ’ 2010ರಲ್ಲಿ ಅಮೆರಿಕದ ಸಿಬಿಎಸ್ ವಾಹಿನಿಯಲ್ಲಿ ಶುರುವಾದಾಗ ಅದರ ಪೊಲೀಸ್ ತಂಡದಲ್ಲಿ ಮುಖ್ಯವಾಗಿ ನಾಲ್ವರಿದ್ದರು. ಇಬ್ಬರು ಬಿಳಿಯ ನಟರು. ಇನ್ನಿಬ್ಬರು ಕಿಮ್ ಮತ್ತು ಗ್ರೇಸ್ ಪಾರ್ಕ್. ಕಥೆ ನಡೆಯುವುದು ಹವಾಯಿಯಲ್ಲಿ. ಏಷ್ಯಾ ಮೂಲದವರ ಪ್ರಮಾಣ ಅಮೆರಿಕದ ಬೇರೆ ಯಾವ ರಾಜ್ಯಕ್ಕಿಂತಲೂ ಜಾಸ್ತಿ ಇರುವುದು ಅಲ್ಲೇ. ಹಾಗಿದ್ದೂ ಈ ಇಬ್ಬರ ಸಂಭಾವನೆ ಆ ಇಬ್ಬರಿಗಿಂತ ಶೇ. 10ರಿಂದ 15ರಷ್ಟು ಕಡಿಮೆ ಇತ್ತು ಎಂದು ಆಗ ಪತ್ರಿಕೆಗಳು ಬರೆದವು. ಒಳ್ಳೆಯ ಏರಿಕೆಯನ್ನೇ ಕೊಡಲು ಮುಂದಾಗಿದ್ದೆವು ಎಂದು ವಾಹಿನಿ ಹೇಳಿತು. 2017ರಲ್ಲಿ, ಏಳು ಸೀಸನ್ ಮುಗಿದ ಮೇಲೆ, ಇಬ್ಬರೂ ಹೊರಗೆ ಬಂದರು.

ಟಿವಿಯಲ್ಲಿ ಸಂಭಾವನೆ ಅಂದರೆ ಬರೀ ದುಡ್ಡಲ್ಲ. ಯಾರು ಮುಖ್ಯ, ಯಾರು ಪಕ್ಕದವರು ಅನ್ನುವುದು ಬರವಣಿಗೆಯಲ್ಲಿ ದಾಖಲಾಗುವ ಜಾಗವೇ ಆ ಒಪ್ಪಂದ. ನೀವು ‘ಹೀರೋ ಅಲ್ಲವಲ್ಲ’ ಅಂದಿರಿ. ಅವರನ್ನು ಹಾಗೆ ಉಳಿಸಿದ್ದು ಯಾರು ಅನ್ನುವುದೇ ಅಲ್ಲಿನ ಜಗಳ ಅಲ್ವಾ?

ಅವರ ಹಿಂದಿನ ದಾರಿಯನ್ನೂ ನೋಡಬೇಕು. ಹುಟ್ಟಿದ್ದು 1968ರಲ್ಲಿ, ಬುಸಾನ್‌ನಲ್ಲಿ. ಇನ್ನೂ ಚಿಕ್ಕ ಮಗುವಾಗಿದ್ದಾಗಲೇ ಮನೆಯವರು ಅಮೆರಿಕಕ್ಕೆ ಬಂದರು. ಬೆಳೆದದ್ದು ಪೆನ್ಸಿಲ್ವೇನಿಯಾದಲ್ಲಿ. ಮಾತನಾಡುತ್ತ ಬೆಳೆದದ್ದು ಇಂಗ್ಲಿಷ್. ಆದರೆ 2004ರಲ್ಲಿ ‘ಲಾಸ್ಟ್’ ಎಂಬ ಅಮೆರಿಕದ ಧಾರಾವಾಹಿಯಲ್ಲಿ ಸಿಕ್ಕ ಜಿನ್ ಪಾತ್ರಕ್ಕೆ ಇಂಗ್ಲಿಷೇ ಬರುವುದಿಲ್ಲ! ತುಕ್ಕು ಹಿಡಿದಿದ್ದ ಕೊರಿಯನ್ ಭಾಷೆಯನ್ನು ಅವರು ಮತ್ತೆ ಕಲಿಯಬೇಕಾಯಿತು. ಅವರ ಉಚ್ಚಾರಣೆಯನ್ನು ಕೊರಿಯಾದ ಪ್ರೇಕ್ಷಕರು ಆಡಿಕೊಂಡರು. ಇತ್ತ, ಹೆಂಡತಿಯನ್ನು ಗದರಿಸುವ ಒರಟು ಗಂಡನ ಪಾತ್ರ ಏಷ್ಯಾದವರ ಬಗೆಗಿನ ಹಳೇ ಅಚ್ಚಿನದೇ ಎಂದು ಅಮೆರಿಕದಲ್ಲಿರುವ ಏಷ್ಯಾ ಮೂಲದವರು ಬೇಸರಪಟ್ಟರು. ಎರಡೂ ಕಡೆಯಿಂದ ಬೈಗುಳ. ಸೀಸನ್ ಸರಿದಂತೆ ಜಿನ್ ಆ ಧಾರಾವಾಹಿಯಲ್ಲಿ ಜನ ಅತಿ ಹೆಚ್ಚು ಪ್ರೀತಿಸಿದ ಪಾತ್ರಗಳಲ್ಲಿ ಒಂದಾಯಿತು. ಇದರಲ್ಲಿ ಬರೆದವರ ಪಾಲೂ ಇದೆ. ಆದರೆ ಮಾತು ಅರ್ಥವಾಗದ ಕೋಟ್ಯಂತರ ಜನರಿಗೆ ಬರೀ ಮುಖದಿಂದ, ನಿಲುವಿನಿಂದ ಒಬ್ಬ ಮನುಷ್ಯನ ನಾಚಿಕೆ, ಭಯ, ಪ್ರೀತಿ ಎಲ್ಲವನ್ನೂ ಮುಟ್ಟಿಸಿದ್ದು ಕಿಮ್. ಆ ಕೆಲಸವನ್ನು ನಾನು ತುಂಬ ದೊಡ್ಡದು ಅಂದುಕೊಂಡಿದ್ದೇನೆ.

ಇನ್ನೊಂದು ವಿಷಯ ನಮ್ಮ ಟಿಪ್ಪಣಿಯಲ್ಲಿ ಒಂದು ಸಾಲಿನಲ್ಲೇ ಮುಗಿದಿತ್ತು. 2013ರ ಕೊರಿಯನ್ ಧಾರಾವಾಹಿ ‘ಗುಡ್ ಡಾಕ್ಟರ್’ ಅನ್ನು ಅಮೆರಿಕದಲ್ಲಿ ರೀಮೇಕ್ ಮಾಡಲು ಹೊರಟವರು ಇವರೇ. ಆಟಿಸಂ ಇರುವ ಯುವ ಸರ್ಜನ್‌ನ ಕಥೆ ಅದು. ಸಿಬಿಎಸ್‌ಗೆ ತೋರಿಸಿದರು, ವಾಹಿನಿ ಒಲ್ಲೆ ಎಂದಿತು. ಅವರು ಸುಮ್ನೆ ಕೂರಲಿಲ್ಲ. ಹಕ್ಕನ್ನು ವಾಪಸ್ ಕೊಂಡು, ಸೋನಿ ಕಂಪನಿಯ ಜತೆ ಸೇರಿ ಎಬಿಸಿ ವಾಹಿನಿಗೆ ಒಯ್ದರು. ಪೊಲೀಸ್ ಧಾರಾವಾಹಿ ಬಿಟ್ಟ ವರ್ಷವೇ, 2017ರ ಸೆಪ್ಟೆಂಬರ್‌ನಲ್ಲಿ, ಅದು ಪ್ರಸಾರಕ್ಕೆ ಬಂತು. 2024ರವರೆಗೆ ಏಳು ಸೀಸನ್ ಓಡಿತು. ದುಡ್ಡಿಗಾಗಿಯೇ ಹೋದವರಾದರೆ ಬೇರೆಯವರು ಬೇಡವೆಂದ ಕಥೆಯನ್ನು ಹೀಗೆ ವರ್ಷಗಟ್ಟಲೆ ಹೊತ್ತು ತಿರುಗುತ್ತಿದ್ದರೇ?

ಹಾಗಂತ ಎಲ್ಲವೂ ಗೆಲುವೇ ಅನ್ನಲಾರೆ. ಕೊರಿಯಾದಿಂದ ಬಂದ ಆ ಕಥೆಯ ನಾಯಕ ಅಮೆರಿಕದ ರೀಮೇಕ್‌ನಲ್ಲಿ ಬಿಳಿಯನೇ ಆದ. ಫ್ರೆಡ್ಡಿ ಹೈಮೋರ್ ಚೆನ್ನಾಗಿ ನಟಿಸಿದರು, ಅದು ನಿಜ. ಕಿಮ್ ಎರಡನೇ ಸೀಸನ್‌ನಲ್ಲಿ ಡಾಕ್ಟರ್ ಹ್ಯಾನ್ ಆಗಿ ಕೆಲವು ಕಂತುಗಳಲ್ಲಿ ಬಂದುಹೋದರು. ನಿರ್ಮಾಪಕರ ಕುರ್ಚಿ ಸಿಕ್ಕರೂ ನಾಯಕನ ಜಾಗ ಸಿಗಲು ಇನ್ನೂ ಕಾಯಬೇಕಿತ್ತು ಅನ್ನುವುದು ನನಗೆ ನೋವಿನ ಸಂಗತಿ.

ಆ ಜಾಗ ಸಿಕ್ಕಿದ್ದು ಈಚೆಗೆ. 2025ರಲ್ಲಿ, ‘ಯೆಲ್ಲೋ ಫೇಸ್’ ನಾಟಕಕ್ಕಾಗಿ, ಅಮೆರಿಕದ ರಂಗಭೂಮಿಯ ದೊಡ್ಡ ಗೌರವವಾದ ಟೋನಿ ಪ್ರಶಸ್ತಿಗೆ, ಅತ್ಯುತ್ತಮ ನಾಯಕ ನಟನ ವಿಭಾಗದಲ್ಲಿ, ನಾಮನಿರ್ದೇಶನಗೊಂಡರು. ನಾಟಕ ವಿಭಾಗದಲ್ಲಿ ಈ ಗೌರವ ಪಡೆದ ಏಷ್ಯಾ ಮೂಲದ ಮೊದಲ ಅಮೆರಿಕನ್ ನಟ ಅವರು. ಅದೇ ವರ್ಷ ‘ಬಟರ್‌ಫ್ಲೈ’ ಸರಣಿಯಲ್ಲಿ ನಾಯಕರಾದರು. ಅದರ ಕಥೆ ನಡೆಯುವುದು ದಕ್ಷಿಣ ಕೊರಿಯಾದಲ್ಲಿ. ಅವರ ಕೆಲಸ ನೋಡಬೇಕೆಂದಿದ್ದರೆ ಅದಕ್ಕೂ ಮುಂಚೆ ‘ಲಾಸ್ಟ್’ನ ಮೊದಲ ಸೀಸನ್ ನೋಡಿ. ಆಮೇಲೆ ಮತ್ತೆ ಪತ್ರ ಬರೆಯಿರಿ. ನಿಮಗೆ ಏನನ್ನಿಸಿತು ಅಂತ ತಿಳಿಯುವ ಆಸೆ ನನಗಿದೆ.